ಸಾಂತ್ವನ ಹೇಳಿ ಕೈತೊಳೆದುಕೊಳ್ಳುವವರು

ಸಾವಾದ ಮನೆಗೆ ಹೋಗುವಾಗ ನಮ್ಮ ಕೈಯಲ್ಲಿ ಸತ್ಯವೇದ ಇರುತ್ತದೆ, ನಾಲಿಗೆಯ ತುದಿಯಲ್ಲಿ ವಚನ ಇರುತ್ತದೆ, ಕಣ್ಣು ಗಡಿಯಾರದ ಮೇಲಿರುತ್ತದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, 'ಎಷ್ಟು ಹೊತ್ತಿಗೆ ಆಯ್ತು?' ಎಂದು ಕೇಳಿ, ಹತ್ತು ನಿಮಿಷಕ್ಕೆ 'ಒಂದು ಪ್ರಾರ್ಥನೆ ಮಾಡೋಣವಾ?' ಎಂದು ಎದ್ದು ನಿಲ್ಲುತ್ತೇವೆ. ಆಮೆನ್ ಅಂದ ಕೂಡಲೇ ಬಂದ ಕೆಲಸ ಮುಗಿಯಿತು. ಕ್ರೈಸ್ತರಾದ ನಮ್ಮಲ್ಲಿ ಪ್ರಾರ್ಥನೆ ಎಂಬುದು ದುಃಖದ ಮನೆಯಿಂದ ಮರ್ಯಾದೆಯಾಗಿ ಎದ್ದು ಬರುವ ಉಪಾಯವಾಗಿಬಿಟ್ಟಿದೆ. ಈ ಮಾತು ಕೆಲವರನ್ನು ಚುಚ್ಚುತ್ತದೆ. ಚುಚ್ಚಲಿ ಎಂದೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿ ಕಡೆಯ ಒಂದು ಮನೆ. ಕಾಲೇಜಿಗೆ ಹೋಗುತ್ತಿದ್ದ ಮಗ ಬೈಕ್ ಅಪಘಾತದಲ್ಲಿ ಹೋಗಿದ್ದ. ಮಣ್ಣು ಮಾಡಿ ಬಂದ ಸಂಜೆ ತಾಯಿ ಗೋಡೆಗೊರಗಿ ಕೂತಿದ್ದಳು. ಯಾರೋ ಕೊಟ್ಟುಹೋದ ಚಹಾ ಕೆನೆಗಟ್ಟಿ ಪಕ್ಕದಲ್ಲೇ ಇತ್ತು. ಸ್ತ್ರೀಯರ ಸಂಘದ ಹಿರಿಯಾಕೆಯೊಬ್ಬರು ಹತ್ತಿರ ಕೂತು, 'ಅಳಬ್ಯಾಡವ್ವಾ, ದೇವರ ತೋಟಕ್ಕ ಒಂದು ಚಂದನ ಹೂವು ಬೇಕಾಗಿತ್ತು, ಕಿತ್ಕೊಂಡ' ಅಂದರು. ಆ ತಾಯಿ ತಲೆಯೆತ್ತಿ, 'ಯಾಕ್ರೀ ಅಕ್ಕಾರ, ದೇವರ ತೋಟದಾಗ ಹೂವಿಗೆ ಬರ ಬಿದ್ದಿತ್ತೇನು?' ಎಂದು ಕೇಳಿದಳು. ಹಿರಿಯಾಕೆಗೆ ಉತ್ತರ ಹೊಳೆಯಲಿಲ್ಲ. 'ಹಂಗೆಲ್ಲ ಮಾತಾಡಬಾರದು ನೋಡು, ಅದು ಪಾಪ' ಎಂದು ಗದರಿ ಬೈಬಲ್ ಬಿಚ್ಚಿದರು. ಮಗನ ಮೇಲೆ ಮಣ್ಣು ಹಾಕಿ ನಾಲ್ಕು ತಾಸು ಕಳೆದಿರಲಿಲ್ಲ, ಅಷ್ಟರಲ್ಲೇ ಆಕೆಯ ತಲೆಗೆ ಒಂದು ಪಾಪವನ್ನೂ ಕಟ್ಟಿ ಆಗಿತ್ತು.

ದೇವರು ತೋಟಕ್ಕೆ ಹೂವು ಕೀಳುತ್ತಾನೆಂದು ಸತ್ಯವೇದದ ಯಾವ ಪುಸ್ತಕವೂ ಹೇಳುವುದಿಲ್ಲ. ಅದು ಯಾವುದೋ ಕಾರ್ಡಿನ ಮೇಲೆ ಅಚ್ಚಾಗಿ ಬಂದು ನಮ್ಮ ಬಾಯಿ ಸೇರಿದ ಮಾತು. ಹೊರಲಾರದ ಭಾರವನ್ನು ದೇವರು ಯಾರ ಮೇಲೂ ಹೊರಿಸುವುದಿಲ್ಲ ಎನ್ನುವುದೂ ಇದೇ ಜಾತಿಯದು. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯವನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ತೆಗೆದು ಓದಿ ನೋಡಿ. ಅಲ್ಲಿ ವಿಗ್ರಹಾರಾಧನೆಯ ಮಾತಿದೆ, ಜಾರತ್ವದ ಮಾತಿದೆ, ಗೊಣಗಾಟದ ಮಾತಿದೆ. ಮನುಷ್ಯನನ್ನು ಕೆಡವುವ ಶೋಧನೆಯ ವಿಚಾರದಲ್ಲಿ ಪೌಲ ಅಲ್ಲಿ ಧೈರ್ಯ ಹೇಳುತ್ತಿದ್ದಾನೆ. ಹೆತ್ತ ಮಗನನ್ನು ಕಳೆದುಕೊಂಡವರ ಪ್ರಸ್ತಾಪವೇ ಅಲ್ಲಿಲ್ಲ. ಅದೇ ಪೌಲ, ಅದೇ ಸಭೆಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲೇ, ಆಸ್ಯ ಸೀಮೆಯಲ್ಲಿ ತಮಗೆ ಬಂದ ಸಂಕಟ ಶಕ್ತಿಮೀರಿದ್ದಾಗಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಒಪ್ಪಿಕೊಳ್ಳುತ್ತಾನೆ. ಅಪೊಸ್ತಲನಿಗೆ ಹೊರಲಾಗದ ಭಾರ ಬಂದಿತ್ತಂತೆ. ನಮ್ಮ ಪಕ್ಕದ ಮನೆಯ ವಿಧವೆಗೆ ಮಾತ್ರ ಬರಬಾರದು!

ಇಂಥ ಮಾತುಗಳನ್ನು ನಾವು ಯಾರಿಗಾಗಿ ಆಡುತ್ತೇವೆ? ನೊಂದವರಿಗಾಗಿ ಎಂದು ಹೇಳಿಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ನಮಗಾಗಿ. ಎದುರಿನವರ ಅಳು ನಮ್ಮಿಂದ ತಡೆಯಲಾಗುವುದಿಲ್ಲ, ಅದು ನಮ್ಮ ನಂಬಿಕೆಯನ್ನೂ ಅಲುಗಾಡಿಸುತ್ತದೆ. ಅದಕ್ಕೇ ಒಂದು ವಚನ ತುರುಕಿ ಆ ಬಾಯಿ ಮುಚ್ಚಿಸುತ್ತೇವೆ.

ಯೋಬನ ಪುಸ್ತಕವನ್ನು ಪ್ರತಿ ಸಾವಿನ ಮನೆಯಲ್ಲೂ ಓದುವ ನಾವು ಅದನ್ನು ಮೊದಲ ಅಧ್ಯಾಯಕ್ಕೇ ನಿಲ್ಲಿಸಿಬಿಡುತ್ತೇವೆ. ಕೊಟ್ಟವನೂ ದೇವರು, ತೆಗೆದುಕೊಂಡವನೂ ದೇವರು ಎಂಬ ಅರ್ಥದ ಮಾತು ಮೊದಲ ಅಧ್ಯಾಯದಲ್ಲಿದೆ. ಆದರೆ ಅದನ್ನು ಹೇಳಿದವನು ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ಯೋಬ. ಅವನನ್ನು ನೋಡಲು ಬಂದ ಯಾರೂ ಅವನಿಗೆ ಅದನ್ನು ಹೇಳಲಿಲ್ಲ. ಕಳೆದುಕೊಂಡವನ ಬಾಯಲ್ಲಿ ಅದು ಅರಿಕೆ, ಮಕ್ಕಳೆಲ್ಲ ಮನೆಯಲ್ಲಿ ಸುಖವಾಗಿರುವವನು ಹೇಳಿದರೆ ಉದ್ಧಟತನ.

ಮುಂದಿನ ಅಧ್ಯಾಯಗಳನ್ನು ಓದುವ ಧೈರ್ಯ ಮಾಡಿ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ದೂರದ ಊರುಗಳಿಂದ ಬಂದರು. ಬಟ್ಟೆ ಹರಿದುಕೊಂಡರು, ತಲೆಗೆ ಮಣ್ಣು ತೂರಿಕೊಂಡರು, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಅವನ ಸಂಕಟ ಅಷ್ಟಿತ್ತೆಂದು ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದರು, ಕೆಟ್ಟರು. ನಿನ್ನ ಮಕ್ಕಳು ದೇವರಿಗೆ ವಿರುದ್ಧವಾಗಿ ಪಾಪ ಮಾಡಿದ್ದರೆ ಅದರ ಫಲ ಉಂಡಿದ್ದಾರೆ ಎನ್ನುವ ಮಟ್ಟಕ್ಕೆ ಬಿಲ್ದದ ಹೋದ. ಮೂವರೂ ದೇವರ ಪರ ವಕೀಲಿಕೆ ಮಾಡುತ್ತಿದ್ದೇವೆಂದೇ ತಿಳಿದಿದ್ದರು. ಅವರ ಮಾತುಗಳನ್ನು ಬಿಡಿಬಿಡಿಯಾಗಿ ತೆಗೆದು ಇವತ್ತಿನ ಯಾವ ಪ್ರಸಂಗದಲ್ಲಿ ಸೇರಿಸಿದರೂ ಸಭೆ ತಲೆದೂಗುತ್ತದೆ; ಅಷ್ಟು ಭಕ್ತಿಯ ಮಾತುಗಳು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಯಾರ ಮೇಲೆ? ಜಗಳವಾಡಿದ, ಹುಟ್ಟಿದ ದಿನವನ್ನು ಶಪಿಸಿದ, ನ್ಯಾಯ ಕೇಳಿದ ಯೋಬನ ಮೇಲಲ್ಲ. ತನ್ನ ಪರವಾಗಿ ಮಾತಾಡಿದ ಈ ಮೂವರ ಮೇಲೆ. ಏಳು ಹೋರಿ, ಏಳು ಟಗರು ತೆಗೆದುಕೊಂಡು ಯೋಬನ ಹತ್ತಿರ ಹೋಗಿರಿ, ಅವನು ನಿಮಗಾಗಿ ಪ್ರಾರ್ಥಿಸಲಿ ಎಂದು ಆಜ್ಞೆಯಾಯಿತು. ಸಾಂತ್ವನ ಹೇಳಲು ಹೋದವರಿಗಾಗಿ ನೊಂದವನೇ ಪ್ರಾರ್ಥನೆ ಮಾಡಬೇಕಾಯಿತು. ಇನ್ನು ಯೋಬನ ಅಣ್ಣತಮ್ಮಂದಿರು, ಅಕ್ಕತಂಗಿಯರು? ಅವರು ಊಟಕ್ಕೆ, ಬೆಳ್ಳಿಬಂಗಾರದ ಉಡುಗೊರೆ ಸಮೇತ ಬಂದರು. ಯಾವಾಗ ಅಂದರೆ ಅವನ ದೆಸೆ ತಿರುಗಿದ ಮೇಲೆ. ನಮ್ಮ ನೆಂಟರ ಪರಿಚಯ ಆ ಪುಸ್ತಕ ಬರೆದವನಿಗೂ ಇತ್ತೆಂದು ಕಾಣುತ್ತದೆ.

ಬೇಥಾನ್ಯದಲ್ಲಿ ಲಾಜರ ಸತ್ತಾಗ 'ಅಳಬೇಡಿ, ಇನ್ನು ಸ್ವಲ್ಪ ಹೊತ್ತಿಗೆ ಎದ್ದು ಬರುತ್ತಾನೆ' ಎಂದು ಹೇಳುವ ಹಕ್ಕು ಲೋಕದಲ್ಲಿ ಒಬ್ಬನಿಗಿತ್ತು. ಆ ಯೇಸು ಸಮಾಧಿಯ ಕಲ್ಲು ಸರಿಸುವ ಮೊದಲು ಮರಿಯಳ ಜೊತೆ ನಿಂತು ಅತ್ತ. ನಮಗೋ, ಕಣ್ಣೀರು ಬಂದರೆ ಅಪನಂಬಿಕೆಯ ಗುರುತು. ಗಂಡನನ್ನು ಕಳೆದುಕೊಂಡು ಮೂರನೆಯ ದಿನಕ್ಕೆ ಆರಾಧನೆಗೆ ಬಂದು ಸಾಕ್ಷಿ ಹೇಳಿದವಳನ್ನು 'ಎಂಥ ವಿಶ್ವಾಸ!' ಎಂದು ಹೊಗಳುತ್ತೇವೆ. ವರ್ಷವಾದರೂ ಅಳುವವಳನ್ನು 'ಇನ್ನೂ ಪ್ರಭುವಿಗೆ ಒಪ್ಪಿಸಿಕೊಟ್ಟಿಲ್ಲ ಪಾಪ' ಎನ್ನುತ್ತೇವೆ. ಶೋಕಕ್ಕೂ ಅಂಕ ಹಾಕುವ ಜನ ನಾವು.

ಮಣ್ಣಾದ ಮೇಲಿನ ಕಥೆ ಇನ್ನೂ ನಾಚಿಕೆಗೇಡು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಸಾವಿನ ಸುದ್ದಿ ಬಿದ್ದರೆ ಕೈಮುಗಿದ ಚಿತ್ರಗಳ ಸಾಲೇ ಬೀಳುತ್ತದೆ. 'ರಿಪ್', 'ಪ್ರೇಯಿಂಗ್ ಸಿಸ್ಟರ್', ಒಂದು ಪಾರಿವಾಳದ ಚಿತ್ರ. ಅದರ ಬೆನ್ನಿಗೇ ಯಾರದೋ ಮದುವೆ ವಾರ್ಷಿಕೋತ್ಸವದ ಕೇಕು. ತಿಂಗಳಿಗೆ ಪ್ರಾರ್ಥನೆ ಇಟ್ಟುಕೊಂಡಾಗ ಎಲ್ಲರೂ ಮತ್ತೆ ಸೇರುತ್ತೇವೆ, ಯಾಕೆಂದರೆ ಊಟವಿರುತ್ತದೆ. ದುಡಿಯುವ ಕೈಯನ್ನೇ ಕಳೆದುಕೊಂಡ ಮನೆಯವರು ಸಾಲ ಮಾಡಿ ಇನ್ನೂರು ಜನಕ್ಕೆ ಬಿರಿಯಾನಿ ಬಡಿಸುತ್ತಾರೆ. ನಾವು ತಿಂದು, ಕೈ ಒರೆಸಿಕೊಂಡು, 'ಚೆನ್ನಾಗಿ ಮಾಡಿದರು' ಎಂದು ಮೆಚ್ಚಿ ಬರುತ್ತೇವೆ. ಆ ಊಟವನ್ನು ಬೇಡ ಎನ್ನುವ ಧೈರ್ಯ ಒಬ್ಬ ಹಿರಿಯರಿಗಿಲ್ಲ, ಒಬ್ಬ ಅಯ್ಯನವರಿಗಿಲ್ಲ. ಇರುವವರನ್ನು ನಾನು ಕಂಡಿಲ್ಲ.

ನಿಜವಾದ ಕೆಲಸ ಶುರುವಾಗುವುದು ಆ ಪೆಂಡಾಲು ಬಿಚ್ಚಿದ ಮೇಲೆ. ಮರಣ ಪ್ರಮಾಣಪತ್ರ ತರಬೇಕು, ಅದರಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೆ ತಿದ್ದಿಸಬೇಕು. ಬ್ಯಾಂಕಿನಲ್ಲಿ ನಾಮಿನಿ ಯಾರೆಂದು ನೋಡಬೇಕು, ಗ್ಯಾಸಿನ ಹೆಸರು ಬದಲಾಯಿಸಬೇಕು, ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು, ಶಾಲೆಯ ಫೀಸಿಗೆ ಗಡುವು ಕೇಳಬೇಕು. ಈವರೆಗೆ ಬ್ಯಾಂಕಿನ ಮೆಟ್ಟಿಲೇ ಹತ್ತದ ಹೆಂಗಸು ಇದನ್ನೆಲ್ಲ ಒಬ್ಬಳೇ ಮಾಡುತ್ತಾ ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಅದೇ ಸಭೆಯಲ್ಲಿ ನಿವೃತ್ತ ಬ್ಯಾಂಕ್ ನೌಕರರಿರುತ್ತಾರೆ, ತಾಲೂಕು ಕಚೇರಿಯಲ್ಲಿ ದುಡಿದವರಿರುತ್ತಾರೆ, ವಕೀಲರಿರುತ್ತಾರೆ. ಅವರೆಲ್ಲ ಆಕೆಗಾಗಿ 'ಪ್ರಾರ್ಥನೆಯಲ್ಲಿ ನೆನಪು ಮಾಡಿಕೊಳ್ಳುತ್ತಿದ್ದಾರೆ'. ಯೆರೂಸಲೇಮಿನ ಆದಿಸಭೆಯಲ್ಲಿ ಎದ್ದ ಮೊದಲ ದೊಡ್ಡ ತಕರಾರು ವಿಧವೆಯರ ಊಟದ್ದು. ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದಾರೆ ಎಂಬ ದೂರು ಬಂದಾಗ ಅಪೊಸ್ತಲರು ಅದಕ್ಕೆಂದೇ ಏಳು ಜನರನ್ನು ನೇಮಿಸಿದರು. ಸ್ತೆಫನನು ಅವರಲ್ಲೊಬ್ಬ. ಪಾಸ್ಟರೇಟ್ ಕಮಿಟಿ ಚುನಾವಣೆಗೆ ಓಡಾಡುವ ನಮ್ಮ ಧುರೀಣರು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಒಮ್ಮೆ ಓದಿಕೊಂಡು ನಾಮಪತ್ರ ಹಾಕಲಿ. ಅನ್ನವಿಲ್ಲದ, ಬಟ್ಟೆಯಿಲ್ಲದ ಸಹೋದರನಿಗೆ ಏನೂ ಕೊಡದೆ ಬರಿದೇ ಹಾರೈಸಿ ಕಳಿಸುವವನ ವಿಶ್ವಾಸ ಸತ್ತ ವಿಶ್ವಾಸ ಎಂದು ಯಾಕೋಬ ಆಗಲೇ ತೀರ್ಪು ಬರೆದಿಟ್ಟಿದ್ದಾನೆ.

ಕಾಯಿಲೆಯವರ ವಿಷಯಕ್ಕೆ ಬಂದರೆ ನಾವು ಇನ್ನೂ ಕ್ರೂರಿಗಳು. ರಾಯಚೂರಿನಿಂದಲೋ ಬೀದರಿನಿಂದಲೋ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಬಂದ ಕುಟುಂಬ. ಹೆಂಡತಿಗೆ ಕೀಮೊ, ಗಂಡ ಹೊರಗಿನ ಜಗಲಿಯಲ್ಲಿ ಪೇಪರ್ ಹಾಸಿ ಮಲಗುತ್ತಾನೆ, ಬೆಳಗಿನ ಜಾವಕ್ಕೇ ಸ್ಕ್ಯಾನಿಂಗಿನ ಸಾಲು ಹಿಡಿಯುತ್ತಾನೆ. ನಾವು ಭಾನುವಾರ ಮಧ್ಯಾಹ್ನ ಗುಂಪು ಕಟ್ಟಿಕೊಂಡು ಹೋಗಿ ಜನರಲ್ ವಾರ್ಡಿನಲ್ಲಿ ಗಟ್ಟಿಯಾಗಿ ಎರಡು ಹಾಡು ಹಾಡುತ್ತೇವೆ. ಪಕ್ಕದ ಹಾಸಿಗೆಯವರಿಗೆ ಆಗಷ್ಟೇ ನಿದ್ದೆ ಹತ್ತಿರುತ್ತದೆ. ಹೊರಡುವಾಗ ಒಬ್ಬರಾದರೂ 'ಇವತ್ತು ರಾತ್ರಿ ನಾನಿರ್ತೀನಿ, ನೀವು ನಮ್ಮ ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ' ಅನ್ನುವುದಿಲ್ಲ. ಅದರ ಬದಲು ಹೇಳುವುದು: 'ನಂಬಿಕೆ ಇಡಿ ಬ್ರದರ್, ಎಲ್ಲಾದರೂ ಅಡ್ಡಿ ಇದೆಯಾ ನೋಡಿಕೊಳ್ಳಿ.' ಅಡ್ಡಿ ಅಂದರೆ ಒಪ್ಪಿಕೊಳ್ಳದ ಪಾಪ, ಇಲ್ಲವೇ ಹಿರಿಯರ ಶಾಪ. ಹುಟ್ಟುಕುರುಡನನ್ನು ಕಂಡ ಶಿಷ್ಯರೂ, ಇವನ ಪಾಪವೋ ಇವನ ಹೆತ್ತವರದೋ ಎಂದೇ ಕೇಳಿದ್ದರು. ಎರಡೂ ಅಲ್ಲವೆಂದು ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದ. ಎರಡು ಸಾವಿರ ವರ್ಷದ ಮೇಲೂ ನಾವು ಅದನ್ನು ಕೇಳುತ್ತಲೇ ಇದ್ದೇವೆ, ಅದೂ ಮೈಕು ಹಿಡಿದು.

ನಂಬಿಕೆ ಕಡಿಮೆಯಾದದ್ದಕ್ಕೇ ಕಾಯಿಲೆ ವಾಸಿಯಾಗುವುದಿಲ್ಲ ಎನ್ನುವವರು ಪೌಲನ ಪತ್ರಗಳನ್ನು ಹರಿದೆಸೆಯಬೇಕಾಗುತ್ತದೆ. ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಹಾಕೆಂದು ಅವನು ಮೂರು ಸಲ ಬೇಡಿದ, ತೆಗೆಯಲಿಲ್ಲ. ತಿಮೊಥೆಯನಿಗೆ ಪದೇಪದೇ ಬರುತ್ತಿದ್ದ ಹೊಟ್ಟೆಯ ತೊಂದರೆಗೆ ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದನೇ ಹೊರತು ಅವನ ನಂಬಿಕೆಯ ತನಿಖೆ ಮಾಡಲಿಲ್ಲ. ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಮುಂದೆ ಹೋದ. ಮಕ್ಕಳಿಲ್ಲದ ಹೆಂಗಸಿಗೆ ಹನ್ನಳ ಕಥೆ ಹೇಳಿ 'ನಿಮ್ಮ ಮಡಿಲಿಗೂ ಸಮುವೇಲ ಬರ್ತಾನೆ' ಎನ್ನುವವರು ಆ ಕಥೆಯ ಒಂದು ಭಾಗವನ್ನು ನುಂಗಿಬಿಡುತ್ತಾರೆ. ಶಿಲೋವಿನ ದೇವಾಲಯದಲ್ಲಿ ಹನ್ನಳು ಒಳಗೊಳಗೇ ಪ್ರಾರ್ಥಿಸುತ್ತಾ ಅಳುತ್ತಿದ್ದಾಗ ಯಾಜಕ ಏಲಿ ಆಕೆ ಕುಡಿದು ಬಂದಿದ್ದಾಳೆಂದು ಬೈದ. ದುಃಖ ಮುಂದೆ ಕೂತಿದ್ದರೂ ಗುರುತು ಹಿಡಿಯದ ಯಾಜಕರ ಪರಂಪರೆ ಹಳೆಯದು.

ಮನಸ್ಸಿನ ಕಾಯಿಲೆಯಾದರಂತೂ ಮುಗಿಯಿತು. ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುವ ಹುಡುಗನಿಗೆ 'ಪ್ರಾರ್ಥನೆ ಮಾಡು, ಗುಳಿಗೆ ಯಾಕೆ?' ಎನ್ನುತ್ತೇವೆ. ಸಕ್ಕರೆ ಕಾಯಿಲೆಗೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವರೇ ಈ ಮಾತು ಹೇಳುವುದುಂಟು. ಪ್ರವಾದಿ ಎಲೀಯ ಮರುಭೂಮಿಯಲ್ಲಿ ಗಿಡವೊಂದರ ಕೆಳಗೆ ಬಿದ್ದು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಕೇಳಿದ. ದೂತ ಬಂದು ಏನು ಮಾಡಿದ? ಪ್ರಸಂಗ ಮಾಡಲಿಲ್ಲ, ಕರ್ಮೆಲ್ ಬೆಟ್ಟದ ಗೆಲುವನ್ನು ನೆನಪಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು, ಎದ್ದು ಊಟ ಮಾಡು ಎಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮಲಗಗೊಟ್ಟ. ಎರಡನೆಯ ಸಲ ಬಂದು ಮತ್ತೆ ಉಣ್ಣಿಸಿದ. ದಾರಿ ದೂರವಿದೆ ಎಂದಷ್ಟೇ ಹೇಳಿದ. ಮನಸ್ಸು ಕುಸಿದವರ ಆರೈಕೆಗೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಯಾವ ಸೆಮಿನಾರಿನಲ್ಲಿದೆ? ಸಾಯುವ ಮಾತಾಡುವವರನ್ನು ಕಂಡರೆ ಬೈಯದೆ ಜೊತೆಗಿರಿ, ವೈದ್ಯರ ಹತ್ತಿರ ಕರೆದೊಯ್ಯಿರಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಿದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಆತ್ಮಹತ್ಯೆಯಾದ ಮನೆಯ ಬಾಗಿಲಿಗಂತೂ ನಾವು ಸುಳಿಯುವುದೇ ಕಷ್ಟ. ಕಥೋಲಿಕ ಸಭೆಯ 1917ರ ಕಾನೂನು ಸಂಹಿತೆ ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಸಭೆಯ ಸಮಾಧಿ ಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಹೊಸ ಸಂಹಿತೆ ಆ ಪಟ್ಟಿಯಿಂದ ಅವರನ್ನು ಕೈಬಿಟ್ಟಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದೇ ಕಾಣಬೇಕೆಂದು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿತು. ರೋಮ್ ಬದಲಾಯಿತು, ದಿಲ್ಲಿ ಬದಲಾಯಿತು. ನಮ್ಮ ಸ್ಮಶಾನದ ಕಮಿಟಿಯವರ ಪಿಸುಮಾತು ಬದಲಾಗಿಲ್ಲ. 'ಆ ಮೂಲೆಯಲ್ಲಿ ಜಾಗ ಕೊಡಿ' ಎನ್ನುವ ದನಿ ಇನ್ನೂ ಕೇಳುತ್ತದೆ. ಮಗಳನ್ನು ಕಳೆದುಕೊಂಡ ಅಪ್ಪನಿಗೆ ಅದನ್ನು ಕೇಳಿಸಿಕೊಳ್ಳುವ ಶಿಕ್ಷೆ ಯಾಕೆ?

ಇಷ್ಟು ಹೇಳಿದರೆ ಸಾಕು, ನಮ್ಮವರು ಇತಿಹಾಸ ತೆಗೆಯುತ್ತಾರೆ. ಜರ್ಮನ್ ಜೆಸ್ವಿಟ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದರು, ಊರು ಹೊರಗಟ್ಟಿದ ಕುಷ್ಠರೋಗಿಗಳಿಗೆ 1890ರಲ್ಲಿ ಆಶ್ರಯ ಕಟ್ಟಿದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಗುಡ್ ಶೆಫರ್ಡ್ ಸಿಸ್ಟರ್‌ಗಳು 1886ರಲ್ಲಿ ತೆರೆದರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಕೆಲಸ ಹೂಡಿದರು. ಎಲ್ಲವೂ ನಿಜ, ಎಲ್ಲವೂ ದೊಡ್ಡದು. ಆದರೆ ಅದು ಅವರ ದುಡಿಮೆ. ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ ಎಂದರೆ ಎಷ್ಟು ದಿನ ಮೂಸುವುದು? ಮುಲ್ಲರ್ ಹೆಸರಿನಲ್ಲಿ ಭಾಷಣ ಮಾಡುವವರಲ್ಲಿ ಎಷ್ಟು ಜನ ತಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದ ಮುದುಕನ ಮಗ್ಗುಲು ಬದಲಾಯಿಸಿ ಬೆನ್ನಿನ ಹುಣ್ಣು ಒರೆಸಿದ್ದಾರೆ? 2020-21ರ ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೆಲವು ಕ್ರೈಸ್ತ ತರುಣರು ಪಿಪಿಇ ತೊಟ್ಟು, ಮನೆಯವರೂ ಮುಟ್ಟದ ಹೆಣಗಳಿಗೆ ಹೆಗಲು ಕೊಟ್ಟರು. ಆ ತರುಣರ ಹೆಸರು ನಮ್ಮ ಯಾವ ಜುಬಿಲಿ ಸಂಚಿಕೆಯಲ್ಲಿ ಬಂದಿದೆ?

ಲಂಡನ್ನಿನಲ್ಲಿ 1967ರಲ್ಲಿ ಸಾವಿನ ಹೊಸ್ತಿಲಲ್ಲಿರುವವರ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ಸಾಯುವವರ ನೋವು ಮೈಯಲ್ಲಷ್ಟೇ ಇರುವುದಿಲ್ಲ, ಮನಸ್ಸಿನಲ್ಲಿ, ಮನೆಯಲ್ಲಿ, ಆತ್ಮದಲ್ಲಿ ಒಟ್ಟಿಗೆ ಇರುತ್ತದೆ ಎಂದು ವೈದ್ಯಲೋಕಕ್ಕೆ ಕಲಿಸಿದ ಕ್ರೈಸ್ತ ಹೆಂಗಸು. ಆಕೆ ತನ್ನ ಕೆಲಸಕ್ಕೆ ತಳಪಾಯ ಮಾಡಿಕೊಂಡದ್ದು ಗೆತ್ಸೆಮನೆಯ ತೋಟದ ಪ್ರಸಂಗವನ್ನು. ಆ ರಾತ್ರಿ ಯೇಸು ಪೇತ್ರ, ಯಾಕೋಬ, ಯೋಹಾನರನ್ನು ಕೇಳಿದ್ದು ಒಂದೇ: ನನ್ನ ಜೊತೆ ಎಚ್ಚರವಾಗಿರಿ. ವಿವರಣೆ ಕೇಳಲಿಲ್ಲ, ಬಿಡಿಸಿರಿ ಎನ್ನಲಿಲ್ಲ. ಅವರು ನಿದ್ದೆ ಹೋದರು. ಸಾಂಡರ್ಸ್ ನೋವು ಇಳಿಸಲು ಹೊತ್ತುಹೊತ್ತಿಗೆ ಮಾರ್ಫಿನ್ ಕೊಡಿಸಿದರು, ಜೊತೆಗೆ ಹಾಸಿಗೆಯ ಪಕ್ಕ ಕೂರುವವರನ್ನೂ ತಯಾರು ಮಾಡಿದರು. ಮುಂಬೈಯ ಬಾಂದ್ರಾದಲ್ಲಿ 1986ರಲ್ಲಿ ಆರಂಭವಾದ ಶಾಂತಿ ಅವೇದನಾ ಸದನ ಭಾರತದ ಮೊದಲ ಹಾಸ್ಪೈಸ್. ಅಲ್ಲಿ ರೋಗಿಗಳ ಸೇವೆಗೆ ನಿಂತವರು ಕ್ರೈಸ್ತ ಸಿಸ್ಟರ್‌ಗಳು. ಮಾತು ಕಡಿಮೆ, ಇರುವುದು ಹೆಚ್ಚು.

ಕೊನೆಗೆ ಇನ್ನೊಂದು. ನಾವು ಯಾರ ಮನೆಗೆ ಹೋಗುತ್ತೇವೆ? ಕಾರಿರುವವರ ತಾಯಿಗೆ ಮಂಡಿ ಆಪರೇಷನ್ ಆದರೆ ಮೂವರು ಸಭಾಪಾಲಕರು ಸರದಿಯಲ್ಲಿ ಬರುತ್ತಾರೆ. ದೇವಾಲಯ ಗುಡಿಸುವವಳ ಗಂಡ ಸತ್ತರೆ ಭಾನುವಾರದ ಪ್ರಕಟಣೆಯಲ್ಲಿ ಒಂದು ಸಾಲು. ಬೇಲಿಯಾಚೆಯ ಹಿಂದೂ, ಮುಸ್ಲಿಂ ನೆರೆಯವರ ದುಃಖಕ್ಕೆ ಒಂದೋ ನಾವು ಹೋಗುವುದಿಲ್ಲ, ಹೋದರೆ ಕೈಯಲ್ಲಿ ಕರಪತ್ರ ಹಿಡಿದು ಹೋಗುವವರಿದ್ದಾರೆ. ಸಂಕಟದಲ್ಲಿ ಬಿದ್ದವನ ಮುಂದೆ ಕರಪತ್ರ ಚಾಚುವುದು ಅವನ ಸಂಕಟವನ್ನು ಬಳಸಿಕೊಳ್ಳುವುದು. ಅದಕ್ಕೆ ಕರುಣೆಯ ಹೆಸರು ಬೇಡ. ಲೂಕನು ಬರೆದ ಸಾಮ್ಯದಲ್ಲಿ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿದ, ತನ್ನ ಕತ್ತೆಯ ಮೇಲೆ ಕೂರಿಸಿದ, ಚತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆಂದ. ಗಾಯಾಳುವಿನ ಕುಲ ಕೇಳಲಿಲ್ಲ, ತನ್ನ ಮತ ಹೇಳಲಿಲ್ಲ. ತಿರುಗಿ ಬರುತ್ತೇನೆ ಎಂದದ್ದನ್ನು ಗಮನಿಸಿ. ನಾವು ತಿರುಗಿ ಹೋಗುವುದಿಲ್ಲ.

ಪ್ರತಿ ಸಭೆಯ ಕಚೇರಿಯಲ್ಲೂ ಸಮಾಧಿ ದಾಖಲೆಯ ಒಂದು ದಪ್ಪ ಪುಸ್ತಕ ಇರುತ್ತದೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಅದನ್ನು ತೆಗೆಸಿ, ಹಿಂದಿನ ಒಂದು ವರ್ಷದ ಪುಟಗಳಲ್ಲಿರುವ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದರಲ್ಲಿ ಒಂದು ಮನೆ ಆರಿಸಿಕೊಂಡು ಸಂಜೆ ಹೋಗಿ. ಬಿಲ್ಲು ಕಟ್ಟುವುದಿದೆಯೇ, ಅರ್ಜಿ ಬರೆಯುವುದಿದೆಯೇ, ಮಕ್ಕಳ ಫೀಸು ಬಾಕಿಯಿದೆಯೇ ಕೇಳಿ, ಮಾಡಿಕೊಡಿ. ಸತ್ತವರ ಹೆಸರು ಹಿಡಿದು ಮಾತಾಡಿಸಿ. ಅವರು ಅತ್ತರೆ ಅಳಲಿ ಬಿಡಿ. ಪ್ರಾರ್ಥನೆ ಬೇಕೆಂದು ಅವರೇ ಕೇಳಿದರೆ ಮಾಡಿ. ಬರುವ ತಿಂಗಳು ಮತ್ತೆ ಹೋಗಿ.